ಚೀಲದಲ್ಲಿ ಆರು ಲೀಟರ್, ಲೆಕ್ಕದಲ್ಲಿ ನಾಲ್ಕು ಲಕ್ಷ

ಹೋದ ವಾರ ಕಾಫಿ ಚೆರಿ ಮಾರೋಕೆ ಪೇಟೆಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ಕೊಡಗಿನ ಕಡೆ ರೊಬಸ್ಟಾ ಕಾಫಿ ಹಣ್ಣನ್ನ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ 50 ಕೆಜಿ ಚೀಲ ಕಟ್ಟಿ ಮಾರ್ತೀವಿ, ಅದರ ರೇಟು ನಿಲ್ಲೋದು ಓಟಿ ಮೇಲೆ, ಅಂದ್ರೆ ಆ 50 ಕೆಜಿಯಿಂದ ಸಿಪ್ಪೆ ಹೋದ ಮೇಲೆ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋದು. 26 ಬಂದ್ರೆ ಓಟಿ 26. ಅಂಗಡಿ ಹುಡುಗ ಕಬ್ಬಿಣದ ಕೊಳವೆ ಚುಚ್ಚಿ ನಾಲ್ಕೈದು ಚೀಲದಿಂದ ಸ್ಯಾಂಪಲ್ ಎಳೆದ, ಸಿಪ್ಪೆ ಬಿಡಿಸೋ ಸಣ್ಣ ಹಲ್ಲರ್‌ಗೆ ಹಾಕಿದ, ಸಿಪ್ಪೆ ಊದಿದ, ತೂಗಿದ, ಆಮೇಲೆ ಒಂದು ಹಿಡಿ ಬೀಜ ತಗೊಂಡು ತೇವ ಅಳೆಯೋ ಮಾಯಿಶ್ಚರ್ ಮೀಟರ್‌ಗೆ ಸುರಿದ. 12.3 ಅಂತ ತೋರಿಸ್ತು. "ಸ್ವಲ್ಪ ಹಸಿ ಇದೆ ಅಣ್ಣ, ಓಟೀಲಿ ಅರ್ಧ ಕೆಜಿ ಕಟ್ ಆಗುತ್ತೆ" ಅಂದ ವ್ಯಾಪಾರಿ, ಮುಖ ಕೂಡ ಎತ್ತದೆ. ಎಂಟು ದಿನ ಕಣದಲ್ಲಿ ಮಗುಚಿ ಮಗುಚಿ ಒಣಗಿಸಿದ್ದು, ಬೆಳಗ್ಗೆ ಕೈಯಲ್ಲಿ ಅಲ್ಲಾಡಿಸಿ ಗಲಗಲ ಸದ್ದು ಕೇಳಿಯೇ ಚೀಲ ಕಟ್ಟಿದ್ದು, ಆದ್ರೆ ಮೀಟರ್ ಅವನದು, ವಾದ ಮಾಡಿ ಏನು ಸುಖ.

ವಾಪಸ್ ಬರ್ತಾ ಪಿಕಪ್‌ನಲ್ಲಿ ಕೂತು ಯೋಚನೆ ಬಂತು. ಶೇಕಡ 12 ಅಂದ್ರೆ 50 ಕೆಜಿ ಚೀಲದಲ್ಲಿ ಆರು ಲೀಟರ್ ನೀರು. ಚೀಲದ ಒಳಗಿರೋ ಈ ಆರು ಲೀಟರ್‌ಗೆ ಅವನು ನನ್ನ ದುಡ್ಡು ಕಟ್ ಮಾಡ್ತಾನೆ, ಆ ಬೀಜ ಆಗೋಕೆ ಗಿಡ ಕುಡಿದ ನೀರಿಗೆ ಮಾತ್ರ ಅವನೂ ಏನೂ ಕೊಡಲ್ಲ, ಅವನಿಂದ ಕೊಳ್ಳೋನೂ ಕೊಡಲ್ಲ, ಕೊನೆಗೆ ಇಟಲೀಲಿ ಕೂತು ಎಸ್ಪ್ರೆಸ್ಸೋ ಕುಡಿಯೋನೂ ಕೊಡಲ್ಲ.

ಈ ತಲೆನೋವು ನನಗೆ ಹತ್ತಿಸಿದ್ದು ನಮ್ಮಕ್ಕನ ಮಗಳು. 2024ರ ಮಾರ್ಚ್. ಅವಳು ಬೆಂಗಳೂರಲ್ಲಿ ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೇಲಿ, ಅಪಾರ್ಟ್‌ಮೆಂಟ್ ಬೋರ್ ಒಣಗಿ ಎರಡು ಸಾವಿರ ಕೊಡ್ತೀವಂದ್ರೂ ಟ್ಯಾಂಕರ್ ಬರ್ತಿಲ್ಲ, ಬಕೆಟ್ ಲೆಕ್ಕದಲ್ಲಿ ಸ್ನಾನ. ಆ ಸಿಟ್ಟಲ್ಲಿ ವಾಟ್ಸಾಪಲ್ಲಿ ಒಂದು ಚಿತ್ರ ಕಳಿಸಿದ್ಳು, ಒಂದು ಕಪ್ ಕಾಫಿ, ಅದರ ಕೆಳಗೆ 140 ಲೀಟರ್ ನೀರು ಅಂತ. ಜೊತೆಗೆ ಒಂದು ಸಾಲು: "ಮಾವ, ನಮಗೆ ಇಲ್ಲಿ ಮುಖ ತೊಳೆಯೋಕೆ ನೀರಿಲ್ಲ, ನೀವಲ್ಲಿ ನೀರನ್ನ ಫಾರಿನ್‌ಗೆ ಎಕ್ಸ್‌ಪೋರ್ಟ್ ಮಾಡ್ತಿದ್ದೀರ." ನಗೋ ಇಮೋಜಿ ಇತ್ತು, ಆದ್ರೂ ಚುಚ್ಚಿತು. ನಮ್ಮ ತೋಟದ ಕೆಳಗಿನ ತೋಡು, ಅಂದ್ರೆ ಸಣ್ಣ ಹಳ್ಳ, ಹೋಗಿ ಸೇರೋದು ಹಾರಂಗಿ ಹೊಳೆಗೆ, ಹಾರಂಗಿ ಕಾವೇರಿಗೆ, ಕಾವೇರಿ ಕೆಆರ್‌ಎಸ್‌ಗೆ, ಅಲ್ಲಿಂದ ಬೆಂಗಳೂರಿಗೆ. ಅವಳ ನಲ್ಲಿಗೂ ನಮ್ಮ ತೋಡಿಗೂ ನೆಂಟಸ್ತನ ಇದೆ ಅನ್ನೋದು ಸುಳ್ಳಲ್ಲ.

ಆಮೇಲೆ ಕೂತು ಓದಿದೆ. ಒಂದು ವಸ್ತು ಬೆಳೆಯೋಕೆ ಖರ್ಚಾದ, ಕಣ್ಣಿಗೆ ಕಾಣದ ಈ ನೀರಿಗೆ ವರ್ಚುವಲ್ ವಾಟರ್ ಅಂತಾರೆ, ಆ ಮಾತು ಶುರುವಾಗಿದ್ದು 90ರ ದಶಕದ ಮೊದಲಲ್ಲಿ, ಟೋನಿ ಆಲನ್ ಅನ್ನೋ ಲಂಡನ್ನಿನ ಪ್ರೊಫೆಸರಿಂದ, ಅದಕ್ಕೇ 2008ರಲ್ಲಿ ಅವರಿಗೆ ಸ್ಟಾಕ್‌ಹೋಮ್ ವಾಟರ್ ಪ್ರೈಜ್ ಸಿಕ್ತು. ಅವರ ತಲೇಲಿದ್ದ ಪ್ರಶ್ನೆ ನಮ್ಮದಕ್ಕೆ ಉಲ್ಟಾ. ಅರಬ್ ದೇಶಗಳಲ್ಲಿ ನೀರೇ ಇಲ್ವಲ್ಲ, ಮತ್ತೆ ನೀರಿಗಾಗಿ ಅವರು ಯಾಕೆ ಹೊಡೆದಾಡ್ಕೊಂಡು ಸಾಯ್ತಿಲ್ಲ? ಯಾಕಂದ್ರೆ ಅವರು ನೀರನ್ನ ಗೋಧಿ ರೂಪದಲ್ಲಿ ಹಡಗಲ್ಲಿ ತರಿಸ್ಕೋತಿದ್ದಾರೆ. ಒಂದು ಟನ್ ಧಾನ್ಯ ಬೆಳೆಯೋಕೆ ಹೆಚ್ಚುಕಡಿಮೆ ಸಾವಿರ ಟನ್ ನೀರು ಬೇಕು, ಸಾವಿರ ಟನ್ ನೀರು ಹೊರೋದಕ್ಕಿಂತ ಒಂದು ಟನ್ ಗೋಧಿ ಹೊರೋದು ಸುಲಭ, ಅಷ್ಟೇ ಗುಟ್ಟು. ಸೌದಿಯವರು ಇದನ್ನ ಒಪ್ಪದೆ 80ರ ದಶಕದಲ್ಲಿ ನಮ್ಮ ಗೋಧಿ ನಾವೇ ಬೆಳೀತೀವಿ ಅಂತ ಮರಳುಗಾಡಿನ ಅಡಿಯಲ್ಲಿ ಸಾವಿರಾರು ವರ್ಷದಿಂದ ನಿಂತಿದ್ದ ನೀರನ್ನ ಎತ್ತಿ ಎತ್ತಿ ಬೆಳೆದ್ರು, ಎಷ್ಟು ಅಂದ್ರೆ 90ರ ಹೊತ್ತಿಗೆ ಗೋಧಿ ಎಕ್ಸ್‌ಪೋರ್ಟ್ ಮಾಡೋ ದೊಡ್ಡ ದೇಶಗಳ ಸಾಲಲ್ಲಿ ಬಂದುಬಿಟ್ರು. ಆ ನೀರು ಮತ್ತೆ ತುಂಬೋ ನೀರಲ್ಲ. 2008ರಲ್ಲಿ ಸಾಕು ಅಂತ ತೀರ್ಮಾನ ಮಾಡಿ, 2016ಕ್ಕೆ ರೈತರಿಂದ ಗೋಧಿ ಖರೀದಿಯನ್ನೇ ಸರ್ಕಾರ ನಿಲ್ಲಿಸ್ತು.

ಈಗ ಸೌದಿ ನಮ್ಮ ಬಾಸ್ಮತಿಯ ದೊಡ್ಡ ಗಿರಾಕಿಗಳಲ್ಲಿ ಒಂದು. ಬಾಸ್ಮತಿ ಬರೋದೆಲ್ಲಿಂದ, ಹೆಚ್ಚಾಗಿ ಪಂಜಾಬ್ ಹರಿಯಾಣದಿಂದ. ಅಲ್ಲಿ ನೀರು ಎಲ್ಲಿಂದ, ಹೆಚ್ಚಿನದು ಬೋರ್‌ವೆಲ್‌ನಿಂದ. ಅವರು ತಮ್ಮ ಪಾತಾಳದ ನೀರು ಉಳಿಸ್ಕೊಂಡು ನಮ್ಮ ಪಾತಾಳದ ನೀರು ಕೊಂಡ್ಕೊಳ್ತಿದ್ದಾರೆ, ಅದೂ ಅಕ್ಕಿ ರೇಟಿಗೆ, ನೀರು ಫ್ರೀ. ಪಂಜಾಬಿನವರು ಮೊದಲಿಂದ ಅಕ್ಕಿ ತಿನ್ನೋ ಜನ ಅಲ್ಲ, ರೊಟ್ಟಿ ತಿನ್ನೋರು. ಹಸಿರು ಕ್ರಾಂತಿ ಬಂದ ಮೇಲೆ ಸರ್ಕಾರ ಎಂಎಸ್‌ಪಿ, ಅಂದ್ರೆ ಬೆಂಬಲ ಬೆಲೆ, ಕೊಟ್ಟು ಭತ್ತ ಕೊಳ್ಳೋಕೆ ನಿಂತಿತು, 1997ರಿಂದ ಪಂಪಿಗೆ ಕರೆಂಟ್ ಫ್ರೀ ಆಯ್ತು, ಮತ್ತೆ ಯಾರು ನಿಲ್ಲಿಸ್ತಾರೆ ಹೇಳಿ. ಕೊನೆಗೆ 2009ರಲ್ಲಿ ಕಾನೂನೇ ತರಬೇಕಾಯ್ತು, ಜೂನ್ 10ಕ್ಕೆ ಮುಂಚೆ ನಾಟಿ ಮಾಡಬಾರದು ಅಂತ, ಉರಿ ಬಿಸಿಲಲ್ಲಿ ಬೋರ್ ನೀರು ಗದ್ದೆಗೆ ಬಿಟ್ಟು ಅದು ಆವಿಯಾಗಿ ಹೋಗೋದನ್ನ ತಪ್ಪಿಸೋಕೆ. ಇಡೀ ಪ್ರಪಂಚದಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತೋ ದೇಶ ನಮ್ಮದು, ಚೀನಾ ಅಮೆರಿಕ ಎರಡೂ ಸೇರಿದ್ರೂ ನಮ್ಮಷ್ಟಿಲ್ಲ. ಅದೇ ಹೊತ್ತಿಗೆ ಪ್ರಪಂಚಕ್ಕೆ ಅತಿ ಹೆಚ್ಚು ಅಕ್ಕಿ ಮಾರೋ ದೇಶವೂ ನಮ್ಮದೇ.

ಒಂದು ರಾತ್ರಿ ನಿದ್ದೆ ಬರದೆ ಫೋನಲ್ಲೇ ಲೆಕ್ಕ ಹಾಕಿದೆ. 2022ರಲ್ಲಿ ಇಂಡಿಯಾ ಎಕ್ಸ್‌ಪೋರ್ಟ್ ಮಾಡಿದ ಅಕ್ಕಿ ಸುಮಾರು 2.2 ಕೋಟಿ ಟನ್. ಒಂದು ಕೆಜಿ ಅಕ್ಕಿಗೆ ಪ್ರಪಂಚದ ಸರಾಸರಿ 2,500 ಲೀಟರ್ ಅಂತಾರೆ. ಗುಣಿಸಿ ಟಿಎಂಸಿಗೆ ತಂದ್ರೆ 1,900ಕ್ಕೂ ಮೇಲೆ ಬರುತ್ತೆ. ಕಾವೇರೀಲಿ ಒಟ್ಟು ಇರೋದೇ 740 ಟಿಎಂಸಿ ಅಂತ ಟ್ರಿಬ್ಯುನಲ್ ಲೆಕ್ಕ. ಅಂದ್ರೆ ಎರಡೂವರೆ ಕಾವೇರಿ ಒಂದೇ ವರ್ಷದಲ್ಲಿ ಹಡಗು ಹತ್ತಿ ಹೋಯ್ತು. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಜಾಸ್ತಿ ಕೊಟ್ಟಾಗ ಇಲ್ಲಿ ಪಟಾಕಿ ಹೊಡೆದಿದ್ರು, ನೆನಪಿದೆಯಾ?

ಈ ಲೆಕ್ಕ ನೋಡಿ ನನಗೇ ರೋಮಾಂಚನ ಆಗಿ ಮರುದಿನ ಎಲ್ಲರಿಗೂ ಫಾರ್ವರ್ಡ್ ಮಾಡಿದೆ. ಈಗ ಅದನ್ನ ಸ್ವಲ್ಪ ವಾಪಸ್ ತಗೋಬೇಕು, ಅದಕ್ಕೇ ಇಷ್ಟುದ್ದ ಬರೀತಿರೋದು.

ಆದದ್ದು ಏನಂದ್ರೆ, ಅಕ್ಕೀದು ಮುಗಿದ ಮೇಲೆ ನನ್ನ ತೋಟದ್ದೇ ಲೆಕ್ಕ ಹಾಕಿದೆ. ಸಿಪ್ಪೆ ತೆಗೆದ ಹಸಿರು ಬೀಜ ಒಂದು ಕೆಜಿಗೆ, ಯಾವ ಬೆಳೆಗೆ ಎಷ್ಟು ನೀರು ಅಂತ ಪ್ರಪಂಚದ ಸರಾಸರಿ ಹಾಕಿರೋ ಟೇಬಲ್‌ನಲ್ಲಿ ಕೊಡೋದು ಸುಮಾರು 15,900 ಲೀಟರ್. ಓಟಿ 26 ಇಟ್ಕೊಂಡ್ರೆ ಒಂದು ಚೀಲಕ್ಕೆ 4 ಲಕ್ಷದ 13 ಸಾವಿರ ಲೀಟರ್. ಅಕ್ಕನ ಮಗಳ ಭಾಷೇಲಿ ಹೇಳೋದಾದ್ರೆ 12 ಸಾವಿರ ಲೀಟರಿನ ಟ್ಯಾಂಕರ್ 34. ಒಂದು ಚೀಲ, 34 ಟ್ಯಾಂಕರ್! ನಮ್ಮದು ಐದೆಕರೆ ರೊಬಸ್ಟಾ, ಎಕರೆಗೆ ಇಪ್ಪತ್ತು ಚೀಲ ಅಂದ್ರೂ ನೂರು ಚೀಲ, 3,400 ಟ್ಯಾಂಕರ್, ನಮ್ಮ ಮನೆ ಗೇಟಿಂದ ಸಾಲಾಗಿ ನಿಲ್ಲಿಸಿದ್ರೆ ಮಡಿಕೇರಿ ದಾಟುತ್ತೇನೋ. ಅದನ್ನ ಬರೆದಿದ್ದು ಮಳೆ ಪುಸ್ತಕದ ಹಿಂದಿನ ಹಾಳೇಲಿ. ಮಳೆ ಪುಸ್ತಕ ಅಂದ್ರೆ, ಕೊಡಗಲ್ಲಿ ತೋಟ ಇರೋ ಮನೇಲೆಲ್ಲ ಇರುತ್ತೆ, ಅಂಗಳದಲ್ಲಿ ಒಂದು ರೈನ್ ಗೇಜ್, ಬೆಳಗ್ಗೆ ಕಾಫಿ ಕುಡಿಯೋಕೆ ಮುಂಚೆ ಅಳೆದು ಇಂಚು ಸೆಂಟ್‌ನಲ್ಲಿ (ನೂರು ಸೆಂಟ್ ಅಂದ್ರೆ ಒಂದಿಂಚು) ಬರೆಯೋದು. ನಮ್ಮದನ್ನ ಅಪ್ಪ 1978ರಲ್ಲಿ ಶುರು ಮಾಡಿದ್ದು. ಅಪ್ಪ ಹೋದ ದಿನವೂ ಅದರಲ್ಲಿ 1 ಇಂಚು 15 ಸೆಂಟ್ ಅಂತ ಇದೆ, ಬರೆದೋನು ನಾನೇ, ಅಭ್ಯಾಸ.

ಹಾಳೆ ತಿರುವಿದಾಗ ಕಣ್ಣಿಗೆ ಬಿದ್ದಿದ್ದು 2023ರ ಟೋಟಲ್. 48 ಇಂಚು. ನಮ್ಮಲ್ಲಿ ಮಾಮೂಲಿ 70ರ ಹತ್ತಿರ, ಆ ವರ್ಷ ರಾಜ್ಯದಲ್ಲಿ 223 ತಾಲೂಕು ಬರಗಾಲ ಅಂತ ಘೋಷಣೆ ಆಗಿತ್ತಲ್ಲ, ಅದೇ ವರ್ಷ. ಒಂದು ಎಕರೆ ಮೇಲೆ ಒಂದಿಂಚು ಮಳೆ ಅಂದ್ರೆ 1 ಲಕ್ಷದ 3 ಸಾವಿರ ಲೀಟರ್, 48 ಇಂಚಿಗೆ ಸುಮಾರು 49 ಲಕ್ಷ. ಆ ವರ್ಷದ ಫಸಲು ಎಕರೆಗೆ ಇಪ್ಪತ್ತು ಚೀಲ. ಟೇಬಲ್ ಪ್ರಕಾರ ಅದಕ್ಕೆ ಗಿಡ ಕುಡಿದಿರಬೇಕಾದ ನೀರು 82 ಲಕ್ಷ.

ಅಂದ್ರೆ ನನ್ನ ತೋಟ ಆಕಾಶದಿಂದ ಬಿದ್ದದ್ದಕ್ಕಿಂತ ಎಕರೆಗೆ 33 ಲಕ್ಷ ಲೀಟರ್ ಜಾಸ್ತಿ ಕುಡೀತು. ಅದೂ ಜುಲೈಲಿ ತೋಡು ಉಕ್ಕಿ ಹರಿದಿದ್ದನ್ನ ಲೆಕ್ಕಕ್ಕೆ ಇಡದೆ!

ಮೊದಲು ನನ್ನ ಗುಣಾಕಾರ ತಪ್ಪಿರಬೇಕು ಅಂದ್ಕೊಂಡು ಮತ್ತೆ ಮಾಡಿದೆ. ಸರಿಯಾಗೇ ಇತ್ತು. ತಪ್ಪಿದ್ದು ಸರಾಸರಿಯಲ್ಲಿ. ಪ್ರಪಂಚದ ಅದೆಷ್ಟೋ ದೇಶದ ಕಾಫಿ, ಎಕರೆಗೆ ನಮ್ಮ ಅರ್ಧದಷ್ಟೂ ಬೆಳೆಯದ ತೋಟ, ಬಿಸಿಲಲ್ಲಿ ನಿಂತ ಗಿಡ, ಎಲ್ಲ ಕಲಸಿ ಒಂದು ನಂಬರ್ ಮಾಡಿದ್ದಾರೆ. ಮರದ ನೆರಳಲ್ಲಿ ಬೆಳೆಯೋ ನಮ್ಮ ಗಿಡಕ್ಕೆ ಆ ಅಂಗಿ ಹೊಂದಲ್ಲ. ಇನ್ನೊಂದು, ಈ ಲೆಕ್ಕದಲ್ಲಿ ನೀರನ್ನ ಮೂರು ಬಣ್ಣ ಮಾಡ್ತಾರೆ, ಮಣ್ಣಿಗೆ ಬಿದ್ದ ಮಳೆ ಹಸಿರು, ಕೆರೆ ಹೊಳೆ ಬೋರಿಂದ ಎತ್ತಿದ್ದು ನೀಲಿ, ಗಲೀಜನ್ನ ತಿಳಿ ಮಾಡೋಕೆ ಬೇಕಾಗೋದು ಬೂದು. ಕಾಫಿಯ ನೀರಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಹಸಿರೇ. ಆ ಮಳೆನೀರನ್ನ ನನ್ನ ಗಿಡ ಕುಡೀದಿದ್ರೆ ಅಲ್ಲಿ ಮೊದಲಿದ್ದ ಕಾಡು ಕುಡೀತಿತ್ತು, ಬಹುಶಃ ಇನ್ನೂ ಜಾಸ್ತಿನೇ. ಅದು ಇಟಲಿಗೆ ಹೋದ್ರೇನು, ಜೂನಲ್ಲಿ ಮತ್ತೆ ಬರುತ್ತೆ. ಅದನ್ನ ನಷ್ಟ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. (ಅರೇಬಿಕಾದ ಹಸಿ ಹಣ್ಣು ಸುಲಿಯೋ ಪಲ್ಪರ್ ಯಂತ್ರದ ನೀರಿನ ಕತೆ ಬೇರೆ, ಆ ಗಲೀಜು ನೀರು ತೋಡಿಗೆ ಬಿಟ್ಟ ತೋಟಗಳನ್ನ ನೋಡಿದ್ದೀನಿ, ವಾಸನೆಗೆ ನಿಲ್ಲೋಕಾಗಲ್ಲ. ನಮ್ಮದು ಒಣ ಚೆರಿ, ಆ ಪಾಪ ಇಲ್ಲ.)

ಇಷ್ಟಕ್ಕೆ ನಾನು ಗೆದ್ದೆ ಅಂತ ಅಕ್ಕನ ಮಗಳಿಗೆ ಫೋನ್ ಮಾಡಿ ಒಂದು ಗಂಟೆ ಭಾಷಣ ಕೊಟ್ಟೆ. ಅವಳು ಎಲ್ಲ ಕೇಳಿ, "ಸರಿ ಮಾವ, ಮಾರ್ಚ್‌ನಲ್ಲಿ ಪಂಪ್ ಹಾಕ್ತೀರಲ್ಲ, ಅದು ಯಾವ ಬಣ್ಣ?" ಅಂದ್ಳು.

ಅದು ನೀಲಿ. ಫೆಬ್ರವರಿ ಕೊನೆಗೆ ಮೊಗ್ಗು ಬಲಿತು ನಿಂತಿರುತ್ತೆ, ಅದನ್ನ ಅರಳಿಸೋ ಹೂಮಳೆ ಬರಬೇಕು. ಅಪ್ಪನ ಕಾಲದಲ್ಲಿ ಆಕಾಶ ನೋಡ್ತಾ ಕೂರ್ತಿದ್ರು, ಬಂದ್ರೆ ಬೆಳೆ, ಇಲ್ಲಾಂದ್ರೆ ಇಲ್ಲ. ಈಗ ಯಾರೂ ಕೂರಲ್ಲ, ಅದರಲ್ಲೂ ಚೀಲಕ್ಕೆ ಹತ್ತು ಸಾವಿರ ದಾಟಿದ ಮೇಲೆ. ಕೆರೆ ದಂಡೇಲಿ ಡೀಸೆಲ್ ಎಂಜಿನ್ ಇಟ್ಟು ಪೈಪ್ ಜೋಡಿಸಿ ಜೆಟ್, ಅಂದ್ರೆ ದೊಡ್ಡ ಸ್ಪ್ರಿಂಕ್ಲರ್, ಹೊಡೀತೀವಿ, ಹೂವಿಗೆ ಒಂದೂವರೆ ಇಂಚು, ಹೂ ಕಟ್ಟಿ ಎರಡು ಮೂರು ವಾರಕ್ಕೆ ಕಾಯಿ ನಿಲ್ಲೋಕೆ ಬ್ಯಾಕಿಂಗ್ ಅಂತ ಇನ್ನೊಂದಿಂಚು. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡ್ಕೊಂಡು ಜೆಟ್ ಶಿಫ್ಟ್ ಮಾಡೋದು, ಮೈಯೆಲ್ಲ ನೆನೆದು, ಆನೆ ಎಲ್ಲಾದ್ರೂ ನಿಂತಿದೆಯಾ ಅಂತ ಕಿವಿ ನಿಮಿರಿಸ್ಕೊಂಡು. ಎಂಟನೇ ದಿನ ಬೆಳಗ್ಗೆ ತೋಟ ಇಡೀ ಬೆಳ್ಳಗೆ, ಮಲ್ಲಿಗೆ ಪರಿಮಳ, ಆ ಒಂದು ದಿನ ಎಲ್ಲ ಮರೆತುಹೋಗುತ್ತೆ.

ಎರಡೂವರೆ ಇಂಚು ಅಂದ್ರೆ ಎಕರೆಗೆ ಎರಡೂವರೆ ಲಕ್ಷ ಲೀಟರ್, ಇಪ್ಪತ್ತು ಚೀಲಕ್ಕೆ ಹಂಚಿದ್ರೆ ಚೀಲಕ್ಕೆ ಹತ್ತಿರ ಹತ್ತಿರ 13 ಸಾವಿರ ಲೀಟರ್. ಒಂದು ಟ್ಯಾಂಕರ್. ಟೇಬಲ್‌ನ 34 ಟ್ಯಾಂಕರ್‌ನಲ್ಲಿ ನಾನು ನಿಜವಾಗಿ ಲೆಕ್ಕ ಕೊಡಬೇಕಾದ್ದು ಇದೊಂದಕ್ಕೆ. ಇದು ಜುಲೈನ ಟ್ಯಾಂಕರ್ ಅಲ್ಲ, ಮಾರ್ಚ್‌ನದ್ದು. ಜುಲೈನಲ್ಲಿ ಸಾವಿರ ಟ್ಯಾಂಕರ್ ಎತ್ತಿದ್ರೂ ತೋಡಿಗೆ ಗೊತ್ತಾಗಲ್ಲ. ಮಾರ್ಚ್‌ನಲ್ಲಿ ನನ್ನ ಎಂಜಿನ್, ಪಕ್ಕದವರ ಎಂಜಿನ್, ಮೇಲಿನ ಎಸ್ಟೇಟಿನ ದೊಡ್ಡ ಎಂಜಿನ್ ಮೂರೂ ಒಟ್ಟಿಗೆ ನಡೆದ್ರೆ ಕೆಳಗಿನ ಲೈನ್ ಮನೆಯ ಕೂಲಿಯವರು ಬಟ್ಟೆ ಒಗೆಯೋ ಗುಂಡಿಯಲ್ಲಿ ಕಲ್ಲು ಕಾಣುತ್ತೆ. ನಾನೇ ಕಂಡಿದ್ದೀನಿ. ಆಗ ಎಂಜಿನ್ ನಿಲ್ಲಿಸಿದ್ನಾ? ಇಲ್ಲ, ಇನ್ನೂ ಎರಡು ಶಿಫ್ಟ್ ಬಾಕಿ ಇತ್ತು.

ಗದ್ದೆ ಕತೆಯನ್ನೂ ಹೇಳಿಬಿಡ್ತೀನಿ, ಏಕೆಂದ್ರೆ ನೀರಿನ ಲೆಕ್ಕ ಹಾಕೋರ ಮಾತು ಕೇಳಿದ್ರೆ ಭತ್ತವೂ ದೊಡ್ಡ ನೀರುಬಾಕವೇ. ಪಂಜಾಬಿನಲ್ಲಿ ಹೌದು. ನಮ್ಮಲ್ಲಿ? ಕೊಡಗಿನ ಗದ್ದೆ ಇರೋದು ಎರಡು ಗುಡ್ಡದ ನಡುವಿನ ತಗ್ಗಲ್ಲಿ, ಮೇಲಿಂದ ಇಳಿದ ಮಳೆನೀರು ಒಂದೊಂದು ಏರಿಯ (ಬದುವಿನ) ಹಿಂದೆ ನಿಂತು, ಮಣ್ಣೊಳಗೆ ಇಳಿದು, ನಿಧಾನಕ್ಕೆ ತೋಡಿಗೆ ಬರುತ್ತೆ. ಭತ್ತಕ್ಕೆ ಯಾರೂ ಪಂಪ್ ಇಟ್ಟಿದ್ದಿಲ್ಲ. ನಮ್ಮದು ಮೂರು ಎಕರೆ ಗದ್ದೆ ಇತ್ತು, ಹದಿನೈದು ವರ್ಷದ ಹಿಂದೆ ನಾನೇ ನಿಲ್ಲಿಸಿದೆ. ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸಲ್ಲ, ಕದಿರು ಬರೋ ಹೊತ್ತಿಗೆ ಆನೆ. ಎರಡು ವರ್ಷ ಶುಂಠಿಗೆ ಲೀಸ್ ಕೊಟ್ವಿ, ಶುಂಠಿಗೆ ನೀರು ನಿಲ್ಲಬಾರದಲ್ಲ, ಉದ್ದಕ್ಕೂ ಬಸಿಗಾಲುವೆ ತೋಡಿ ನೀರೆಲ್ಲ ಹೊರಗೆ ಹಾಕಿದ್ರು. ಆಮೇಲೆ ಒಂದು ಮೂಲೇಲಿ ಜೆಸಿಬಿ ತರಿಸಿ ಕೆರೆ ತೋಡಿಸಿದೆ, ಜೆಟ್‌ಗೆ. ಅವ್ವ ಆಗಲೇ ಹೇಳಿದ್ದು, "ಗದ್ದೆ ಹೊಟ್ಟೇಲಿ ಗುಂಡಿ ತೋಡಿದ್ರೆ ಬಾವಿಗೆ ಏನು ಬರುತ್ತೆ ಮಗ?" ಮೊದಲು ತೋಡಲ್ಲಿ ಮಾರ್ಚ್ ಮುಗಿಯೋತನಕ ನೀರಾಡ್ತಿತ್ತು, ಈಗ ಜನವರಿ ಕೊನೆಗೇ ಸೊರಗುತ್ತೆ. ಎಲ್ಲ ನನ್ನ ಗುಂಡಿಯಿಂದಲೇ ಅಂತಲ್ಲ, ಆ ತಗ್ಗಲ್ಲಿ ಎಲ್ಲರೂ ಅದನ್ನೇ ಮಾಡಿದ್ವಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯೋಕೆ ಊರಲ್ಲಿ ಗದ್ದೆ ಇದ್ದದ್ದು ಒಂದೇ ಮನೆಯವರಿಗೆ, ಕೋವಿ ಹಿಡ್ಕೊಂಡು ಇಪ್ಪತ್ತು ಮನೆಯವರು ಅವರ ಗದ್ದೇಲಿ ನಿಂತು ಪೊಲಿ ಪೊಲಿ ದೇವಾ ಅಂತ ಕೂಗ್ತಿದ್ವಿ. ಮನೆಗೆ ಬಂದು ಬೇಯಿಸೋ ಅಕ್ಕಿ ಮಾತ್ರ ಅಂಗಡೀದು.

ನೀರಿನ ಲೆಕ್ಕದವರ ಪ್ರಕಾರ ಇದು ಲಾಭ ನೋಡಿ. ಭತ್ತ ಬಿಟ್ಟು ಅಕ್ಕಿ ಕೊಂಡ್ರೆ ಕೊಡಗಿನ ನೀರು ಉಳೀತು. ಎಲ್ಲಿ ಉಳೀತು ಅಂತ ನಮ್ಮ ಬಾವಿ ಹತ್ರ ಕೇಳಬೇಕು. ಅಂಗಡಿ ಅಕ್ಕಿ ಯಾವುದೋ ಊರಿನ ಬೋರ್ ನೀರಲ್ಲಿ ಬೆಳೆದದ್ದೋ ಏನೋ, ಜೂನಲ್ಲಿ ನಮ್ಮ ಗದ್ದೆಗೆ ಪುಕ್ಕಟೆ ಬಂದು ನಿಲ್ಲೋ ನೀರನ್ನ ನಾವು ಕಾಲುವೆ ಮಾಡಿ ಓಡಿಸ್ತೀವಿ.

2024ರ ಮಳೆ ಚೆನ್ನಾಗಿ ಹಿಡೀತು. ಅವ್ವನ ಒತ್ತಾಯವೋ ಆ ಹುಡುಗಿ ಚುಚ್ಚಿದ್ದೋ, ಜುಲೈಲಿ ಎರಡು ಬಸಿಗಾಲುವೆ ಮುಚ್ಚಿಸಿ ಅರ್ಧ ಎಕರೆ ನಾಟಿ ಮಾಡಿಸಿದೆ. ಏರಿ ಕಟ್ಟೋದು ಗೊತ್ತಿರೋ ಆಳು ಹುಡುಕೋಕೇ ವಾರ ಹೋಯ್ತು, ಹುಡುಗರಿಗೆ ಯಾರಿಗೂ ಬರಲ್ಲ, ಕೊನೆಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜ ಬಂದು ಏರಿ ಮೇಲೆ ಕೂತು ತೋರಿಸಿಕೊಟ್ರು, ಸಾಯಂಕಾಲ ಆಗೋ ಹೊತ್ತಿಗೆ ತಡ್ಕೊಳ್ಳೋಕಾಗದೆ ತಾವೇ ಕೆಸರಿಗೆ ಇಳಿದ್ರು. ನವೆಂಬರಲ್ಲಿ ಒಂದು ರಾತ್ರಿ ಮೂರು ಆನೆ ಬಂದು ಕಾಲುಭಾಗ ತುಳಿದು ಹೋದವು. ಉಳಿದದ್ದರಲ್ಲಿ ಡಿಸೆಂಬರ್ ಹುತ್ತರಿಗೆ ನಮ್ಮದೇ ಗದ್ದೆಯಿಂದ ಕದಿರು ಬಂತು, ಭತ್ತ ಆರು ಚೀಲ ಆಯ್ತು. ಖರ್ಚು ಕೇಳಬೇಡಿ, ಆ ಅಕ್ಕಿ ಕೆಜಿಗೆ ಎಷ್ಟು ಬಿತ್ತು ಅಂತ ಮನೇಲೂ ಹೇಳಿಲ್ಲ.

ಈ ಸಲ ಬಾವೀಲಿ ಫೆಬ್ರವರಿ 20ಕ್ಕೂ ಎಂಟು ಅಡಿ ನೀರಿತ್ತು, ಹೋದ ವರ್ಷ ಅದೇ ದಿನ ಮೂರು. ಇದನ್ನ ಗದ್ದೆಯ ಪ್ರೂಫ್ ಅಂತ ನಾನು ಹೇಳಲ್ಲ, ಮಳೆ 74 ಇಂಚು ಬಂದಿತ್ತು, ಗದ್ದೆ ಬರೀ ಅರ್ಧ ಎಕರೆ. ಆದ್ರೂ ಮಳೆ ಪುಸ್ತಕದಲ್ಲಿ ಬಾವಿಗೂ ಒಂದು ಕಾಲಂ ಹಾಕಿದ್ದೀನಿ. ಪೆನ್ಸಿಲಲ್ಲಿ.

ಜೆಟ್? ಹೊಡೆದೆ. ನಾನೂ ಪಕ್ಕದವರೂ ಮಾತಾಡ್ಕೊಂಡು ಒಬ್ಬರಾದ ಮೇಲೆ ಒಬ್ಬರು ಅಂತ ಸರದಿ ಮಾಡಿದ್ವಿ, ಮೇಲಿನ ಎಸ್ಟೇಟಿನ ಲೆಕ್ಕ ನೋಡೋ ರೈಟರ್ ಮಾತ್ರ ಓನರ್ ಕೇಳಿ ಹೇಳ್ತೀನಿ ಅಂದೋನು ಇನ್ನೂ ಹೇಳಿಲ್ಲ. ನಾನು ಒಂದೂವರೆ ಇಂಚಿನ ಬದಲು ಒಂದೂಕಾಲಕ್ಕೆ ನಿಲ್ಲಿಸಿದ್ದೀನಿ, ಜೆಟ್ ಕೆಳಗೆ ಖಾಲಿ ಡಬ್ಬ ಇಟ್ಟು ಅಳೆದು. ಹೂ ಬಂದಿದೆ, ಕಟ್ಟುತ್ತೋ ಇಲ್ವೋ ಬ್ಯಾಕಿಂಗ್ ಹೊತ್ತಿಗೆ ಗೊತ್ತಾಗುತ್ತೆ. ನಿನ್ನೆ ಸಂಜೆ ಪುಷ್ಪಗಿರಿ ಬೆಟ್ಟದ ಕಡೆ ಮೋಡ ಕಟ್ಟಿತ್ತು, ಗುಡುಗಿತು, ಬೆಳಗ್ಗೆ ಗೇಜ್ ನೋಡಿದ್ರೆ 8 ಸೆಂಟ್.